ಮಗಳಿಗೊಂದು ಪತ್ರ: ಆ 288 ವ್ಯಾಟ್ ಎಲ್ಲಿಂದ ಬಂತು?

ಪುಟ್ಟೀ,

ನೀನು ಕಳಿಸಿದ ನೋಟ್‌ಬುಕ್ ಹಾಳೆಯ ಫೋಟೋ ನೋಡಿದೆ. ಕೊನೆಯ ಸಾಲಿನ ಕೆಳಗೆ ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದಿದ್ದೀಯ. ಗಾಡಿಯ ಇಂಡಿಕೇಟರ್ ಬಲ್ಬ್, ಅದರ ಮೇಲೆ 12 ವೋಲ್ಟ್, 21 ವ್ಯಾಟ್ ಅಂತ ಇದೆ. ಮಲ್ಟಿಮೀಟರ್ ಇಟ್ಟು ರೋಧ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ನೋಡಿದರೆ 0.5 ಓಮ್. 12ನ್ನು 0.5ರಿಂದ ಭಾಗಿಸಿದೆ, ಕರೆಂಟ್ 24 ಆಂಪಿಯರ್ ಬಂತು. ಅದನ್ನು 12ರಿಂದ ಗುಣಿಸಿದೆ, 288 ವ್ಯಾಟ್. ಪಕ್ಕದಲ್ಲಿ ‘ಮೀಟರ್ ಕೆಟ್ಟಿದೆ’ ಅಂತ ತೀರ್ಪು ಬೇರೆ!

ಮೀಟರ್ ಕೆಟ್ಟಿಲ್ಲ. ಭಾಗಾಕಾರ, ಗುಣಾಕಾರ ಎರಡೂ ಸರಿ. ನೀನು ಅಳೆದದ್ದು ಮಲಗಿರುವ ಬಲ್ಬನ್ನು, ಲೆಕ್ಕ ಹಾಕಿದ್ದು ಉರಿಯುವ ಬಲ್ಬಿಗೆ. ಅಷ್ಟೇ ಎಡವಟ್ಟು.

ಸೂತ್ರ ಇರುವುದು ಎರಡೇ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ಎರಡನ್ನೂ ಗುಣಿಸಿದರೆ ಪವರ್. ಪುಸ್ತಕದಲ್ಲಿ ‘ವಿಭವಾಂತರ’ ಅಂತ ಕಂಡರೆ ಗಾಬರಿಯಾಗಬೇಡ, ಅದು ನಮ್ಮ ವೋಲ್ಟೇಜೇ. ಆದರೆ ಸೂತ್ರದ ಒಳಗೆ ಬರೆಯದೆ ಬಿಟ್ಟ ಒಂದು ಷರತ್ತು ಇದೆ. ಆ ಎರಡೂ ಅಂಕಿ ಒಂದೇ ವಸ್ತುವಿನದ್ದಾಗಿರಬೇಕು, ಒಂದೇ ಹೊತ್ತಿನದ್ದೂ ಆಗಿರಬೇಕು.

ಬಲ್ಬಿನ ಒಳಗಿರುವುದು ಟಂಗ್‌ಸ್ಟನ್ ತಂತಿ. ಉರಿಯುವಾಗ ಅದರ ಬಿಸಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್. ಲೋಹ ಕಾದಷ್ಟೂ ಅದರ ರೋಧ ಏರುತ್ತದೆ. ಮಲ್ಟಿಮೀಟರ್ ರೋಧ ಅಳೆಯುವಾಗ ತನ್ನದೇ ಸಣ್ಣ ಕರೆಂಟ್ ಹಾಯಿಸುತ್ತದೆ. ಅಷ್ಟಕ್ಕೆ ತಂತಿ ಬೆಚ್ಚಗೂ ಆಗುವುದಿಲ್ಲ. ಈಗ ಬಲ್ಬಿನ ಮೇಲಿನ ಬರಹದಿಂದ ಹಿಂದಕ್ಕೆ ಬಾ. 21 ವ್ಯಾಟನ್ನು 12ರಿಂದ ಭಾಗಿಸಿದರೆ 1.75 ಆಂಪಿಯರ್. 12ನ್ನು 1.75ರಿಂದ ಭಾಗಿಸಿದರೆ ಹತ್ತಿರಹತ್ತಿರ 6.9 ಓಮ್. ನೀನು ಅಳೆದ 0.5ಕ್ಕಿಂತ ಹದಿನಾಲ್ಕು ಪಟ್ಟು ಜಾಸ್ತಿ!

ಹಾಗಂತ ನಿನ್ನ 24 ಆಂಪಿಯರ್ ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ತಂತಿ ತಣ್ಣಗೇ ಇರುತ್ತದೆ ಅಲ್ವಾ? ಆಗ ಕರೆಂಟ್ ಆ ಕಡೆಗೇ ನುಗ್ಗುತ್ತದೆ. ವೈರು, ಬ್ಯಾಟರಿ ಒಂದಿಷ್ಟು ತಡೆಯುವುದರಿಂದ ಪೂರ್ತಿ 24 ಮುಟ್ಟುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ತಂತಿ ಕಾದು ಕರೆಂಟ್ ಇಳಿದುಬಿಡುತ್ತದೆ. ಹಳೇ ಬಲ್ಬುಗಳು ಎಷ್ಟೋ ಸಲ ಹಾಕಿದ ತಕ್ಷಣವೇ ‘ಟಿಕ್’ ಅಂತ ಹೋಗುವುದು ಇದಕ್ಕೇ.

ಸರಿಯಾಗಿ ಅಳೆಯಬೇಕಾದರೆ ಬಲ್ಬ್ ಉರಿಯುತ್ತಿರಬೇಕು. ಕರೆಂಟ್ ಅಳೆಯುವ ಮೀಟರ್ ದಾರಿಯ ನಡುವೆ, ವೋಲ್ಟೇಜ್ ಅಳೆಯುವುದು ಬಲ್ಬಿನ ಎರಡು ತುದಿಗೆ. ಕೆಂಪು ಪಿನ್ 10 ಆಂಪಿಯರ್ ತೂತಿನಲ್ಲಿರಲಿ. ನಾನೊಮ್ಮೆ ಕರೆಂಟ್ ನೋಡಿದ ಮೇಲೆ ಪಿನ್ ಬದಲಿಸಲು ಮರೆತು, ಅದೇ ಕಡ್ಡಿಗಳನ್ನು ಸೀದಾ ಬ್ಯಾಟರಿಯ ಎರಡು ತುದಿಗೆ ಇಟ್ಟಿದ್ದೆ. ನೀಲಿ ಕಿಡಿ, ಸುಟ್ಟ ವಾಸನೆ, ಒಳಗಿನ ಫ್ಯೂಸ್ ಹೋಯಿತು. ಕರೆಂಟ್ ಅಳೆಯುವಾಗ ಮೀಟರ್ ಬರೀ ಒಂದು ತುಂಡು ವೈರು ಇದ್ದ ಹಾಗೆ, ಅದಕ್ಕೆ ರೋಧವೇ ಇಲ್ಲ ಅನ್ನಬಹುದು. ನಿಮ್ಮಮ್ಮ ಇವತ್ತಿಗೂ ಆ ವಾಸನೆ ನೆನಪಿಸುತ್ತಾಳೆ.

ಇನ್ನೊಂದು. ಬ್ಯಾಟರಿ ಮೇಲೆ 12 ಅಂತ ಅಚ್ಚಾಗಿದೆ ಅಂತ ಸುಮ್ನೆ 12 ಬರೆಯಬೇಡ. ಖಾಲಿ ಕೂತಾಗ ಅದು 12.5 ತೋರಿಸೀತು, ಬಲ್ಬ್ ಹತ್ತಿದ ಕೂಡಲೇ 11.6ಕ್ಕೆ ಇಳಿದೀತು. ಆಗ ಕರೆಂಟ್ 1.71 ಅಂತ ಇಟ್ಟುಕೋ. ರೋಧ 6.8 ಓಮ್, ಪವರ್ 19.8 ವ್ಯಾಟ್. ಅದೇ ಆ ಹೊತ್ತಿನ ನಿಜ.

ರೋಧದ ಆ ಮೊದಲ ಸೂತ್ರ ಕಂಡುಹಿಡಿದ ಗೇಯೊರ್ಗ್ ಓಮ್ ಕೂಡ ಇದೇ ಕಾಟ ಅನುಭವಿಸಿದವನು. ಅವನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ಅಳೆಯುತ್ತಿರುವಾಗಲೇ ಜಾರುತ್ತಿತ್ತು. ಕೊನೆಗೆ ಅವನು ಬ್ಯಾಟರಿ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಜೋಡಿಸಿ, ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ ಇಟ್ಟ. ಎರಡು ಬೆಸುಗೆಗಳ ಬಿಸಿ ಬೇರೆಬೇರೆ ಇದ್ದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಕುದಿಯುವ ನೀರು, ಮಂಜುಗಡ್ಡೆ ಎರಡರ ಬಿಸಿಯೂ ಬದಲಾಗುವುದಿಲ್ಲ, ವೋಲ್ಟೇಜೂ ನಿಂತಲ್ಲೇ ನಿಂತಿತು. 1827ರಲ್ಲಿ ಪುಸ್ತಕ ಬಂತು. ನನಗೆ ಅವನ ಸೂತ್ರಕ್ಕಿಂತ ಈ ಮಂಜುಗಡ್ಡೆ ಉಪಾಯವೇ ಹೆಚ್ಚು ಇಷ್ಟ.

ನೀನು ಕೆಳಗೆ ಕೇಳಿದ ಪ್ರಶ್ನೆಯೂ ಚೆನ್ನಾಗಿದೆ. ಮೇಲಿನ ಎರಡು ಸೂತ್ರ ಬೆರೆಸಿದರೆ ಪವರ್‌ಗೆ ಇನ್ನೆರಡು ರೂಪ ಸಿಗುತ್ತವೆ: ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವುದು, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸುವುದು. ಮೊದಲನೆಯದರಲ್ಲಿ ರೋಧ ಜಾಸ್ತಿಯಾದರೆ ಪವರ್ ಕಡಿಮೆ, ಎರಡನೆಯದರಲ್ಲಿ ರೋಧ ಜಾಸ್ತಿಯಾದರೆ ಪವರೂ ಜಾಸ್ತಿ. ಯಾವುದು ನಿಜ? ಎರಡೂ. 10 ಓಮ್, 20 ಓಮ್ ರೆಸಿಸ್ಟರ್ ಎರಡನ್ನೂ ಬೇರೆಬೇರೆಯಾಗಿ 12 ವೋಲ್ಟಿಗೆ ಸಿಕ್ಕಿಸು. ಇಬ್ಬರಿಗೂ ವೋಲ್ಟೇಜ್ ಒಂದೇ. ಚಿಕ್ಕದು 14.4 ವ್ಯಾಟ್ ತಿನ್ನುತ್ತದೆ, ದೊಡ್ಡದು 7.2. ಈಗ ಅವೆರಡನ್ನೂ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸು. ಒಟ್ಟು 30 ಓಮ್, ಕರೆಂಟ್ 0.4 ಆಂಪಿಯರ್, ಇಬ್ಬರಿಗೂ ಅದೇ. ಈಗ ಚಿಕ್ಕದಕ್ಕೆ 1.6, ದೊಡ್ಡದಕ್ಕೆ 3.2 ವ್ಯಾಟ್. ಆಟ ತಿರುಗಿತು. ಇಬ್ಬರೂ ಹಂಚಿಕೊಂಡಿರುವುದು ಯಾವುದನ್ನು ಅಂತ ಮೊದಲು ನೋಡು, ಆಮೇಲೆ ಸೂತ್ರ ಆರಿಸು.

ಹಾಂ, ಮಿಲಿಆಂಪಿಯರ್ ಇದ್ದರೆ ಸಾವಿರದಿಂದ ಭಾಗಿಸುವುದನ್ನು ಮರೆಯಬೇಡ. 100 ಓಮ್ ರೆಸಿಸ್ಟರಿಗೆ 12 ವೋಲ್ಟ್ ಕೊಟ್ಟರೆ 120 ಮಿಲಿಆಂಪಿಯರ್. ಪವರ್ 1.44 ವ್ಯಾಟ್, 1,440 ಅಲ್ಲ. ಆದರೆ 1.44 ಅಂದರೆ ಸಣ್ಣದು ಅಂತಲೂ ಅಂದುಕೊಳ್ಳಬೇಡ. ನಿನ್ನ ಡಬ್ಬಿಯಲ್ಲಿರುವ ಸಣಕಲು ರೆಸಿಸ್ಟರುಗಳು ತಡೆಯುವುದು ಕಾಲು ವ್ಯಾಟ್. ಹೊಗೆ ಬರುತ್ತದೆ.

ಭಾನುವಾರ ಅದೇ ಬಲ್ಬಿಗೆ 6 ವೋಲ್ಟ್ ಕೊಟ್ಟು ನೋಡು, ಮಂಕಾಗಿ ಕೆಂಪಗೆ ಉರಿಯುತ್ತದೆ. ರೋಧ 6.9 ಓಮೇ ಬರುತ್ತದಾ, ಕಡಿಮೆಯಾಗುತ್ತದಾ? ಅಳೆಯುವ ಮೊದಲೇ ಊಹೆ ಬರೆದಿಡು, ಆಮೇಲೆ ತಿದ್ದಬಾರದು. ಬಲ್ಬ್ ಆರಿಸಿದ ಕೂಡಲೇ ಮುಟ್ಟಬೇಡ, ಗಾಜು ಸುಡುತ್ತದೆ. ಎರಡೂ ಅಂಕಿ ಇರುವ ಹಾಳೆಯ ಫೋಟೋ ಕಳಿಸು.

ಇಂತಿ,
ಅಪ್ಪ