ನೂಲು ಕಲಿಸುವ ಹಿರಿಯರಿಗೂ ಗೌರವಧನ ಸಿಗಲಿ

ಮಾನ್ಯ ಸಂಪಾದಕರೇ,

ಕಂಬಳಿ ನೇಕಾರಿಕೆಯ ಉಳಿವಿನ ಮಾತು ಬಂದಾಗಲೆಲ್ಲ ಮಗ್ಗ, ಸಾಲ, ಮಾರುಕಟ್ಟೆಗಳ ಚರ್ಚೆ ನಡೆಯುತ್ತದೆ. ಆ ಮಗ್ಗಕ್ಕೆ ನೂಲು ಒದಗಿಸುವ ಹೆಣ್ಣುಮಕ್ಕಳ ಕೆಲಸವನ್ನು ಕಸುಬೆಂದು ಎಣಿಸುವವರೇ ಕಡಿಮೆ. ಚಳ್ಳಕೆರೆಯ ಕಡೆಯಾಗಲಿ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಾಗಲಿ, ಕಂಬಳಿಗೆ ಹೆಸರಾದ ಊರುಗಳಲ್ಲಿ ಕೈಯಿಂದ ಉಣ್ಣೆ ನೂಲಬಲ್ಲವರು ಬಹುತೇಕ ವಯಸ್ಸಾದ ಹೆಂಗಸರು. ಅವರ ಜಾಣ್ಮೆ ಮುಂದಿನ ತಲೆಮಾರಿಗೆ ದಾಟದಿದ್ದರೆ ಎಷ್ಟು ಮಗ್ಗ ಹಂಚಿದರೂ ಪ್ರಯೋಜನವಿಲ್ಲ.

ಕಂಬಳಿಗೆ ಬಳಸುವ ದಖ್ಖನಿ ತಳಿಯ ಕುರಿಯ ಉಣ್ಣೆ ಒರಟಾದುದು, ನಡುನಡುವೆ ಗಡಸು ಕೂದಲು ಬೆರೆತದ್ದು. ವರ್ಷಕ್ಕೆ 2 ಬಾರಿ ಕತ್ತರಿಸುವುದರಿಂದ ಎಳೆಗಳೂ ಗಿಡ್ಡ. ಮುಳ್ಳು, ಕಸ ಆರಿಸಿ, ಬಣ್ಣದಂತೆ ಬೇರ್ಪಡಿಸಿ, ಚೆನ್ನಾಗಿ ಹಿಂಜಿ ಹಂಜಿ (ನೂಲಲು ಸಿದ್ಧವಾದ ಉಣ್ಣೆಯ ಸುರುಳಿ) ಮಾಡಿಕೊಂಡ ಮೇಲೆ ರಾಟೆಯ ಮುಂದೆ ಕೂರಬೇಕು. ಒಂದು ಕೈ ರಾಟೆ ತಿರುಗಿಸುವಾಗ ಇನ್ನೊಂದು ಕೈ ಹಂಜಿಯನ್ನು ಹಿಂದಕ್ಕೆ ಎಳೆಯುತ್ತದೆ. ಹುರಿ, ಅಂದರೆ ಎಳೆಗಳಿಗೆ ಬೀಳುವ ತಿರುಚು, ಯಾವಾಗಲೂ ತೆಳುವಾದ ಜಾಗಕ್ಕೆ ಮೊದಲು ಓಡುವುದರಿಂದ, ದಪ್ಪಗಿರುವ ಕಡೆ ಹುರಿ ಬಿಗಿಯುವ ಮೊದಲೇ ಎಳೆದು ಸಮ ಮಾಡುವುದನ್ನು ಬೆರಳುಗಳೇ ತಿಳಿದುಕೊಳ್ಳಬೇಕಾಗುತ್ತದೆ. ಹುರಿ ಕಡಿಮೆಯಾದರೆ ನೂಲು ಜಾರಿ ಬಿಡಿಸಿಕೊಳ್ಳುತ್ತದೆ, ಹೆಚ್ಚಾದರೆ ತನಗೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಹೊಸದಾಗಿ ಕಲಿಯುವವರು ಹಂಜಿಯನ್ನು ಗಟ್ಟಿಯಾಗಿ ಹಿಡಿದುಬಿಡುತ್ತಾರೆ, ಎಳೆಗಳು ಸರಿಯಲು ಜಾಗವಿಲ್ಲದೆ ನೂಲು ತುಂಡಾಗುತ್ತದೆ. ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗಕ್ಕೇರಿಸುವ ಹಾಸಿನ (ಉದ್ದಕ್ಕೆ ಬರುವ) ನೂಲು ಬಿಗಿಯಾಗಿ, ಏಕರೂಪವಾಗಿ ಇರಲೇಬೇಕು. ಹೊಕ್ಕಿನ (ಅಡ್ಡಕ್ಕೆ ಬರುವ) ನೂಲು ಸ್ವಲ್ಪ ಸಡಿಲವಿದ್ದರೂ ನಡೆಯುತ್ತದೆ. ಈ ವ್ಯತ್ಯಾಸವನ್ನು ಕೈ ಗುರುತಿಸುವ ಹೊತ್ತಿಗೆ ತಿಂಗಳುಗಳೇ ಹಿಡಿಯುತ್ತವೆ, ಕೆಲವು ದಿನಗಳ ತರಬೇತಿ ಶಿಬಿರಗಳಲ್ಲಿ ಇದು ಖಂಡಿತ ಸಾಧ್ಯವಿಲ್ಲ.

ಹಿಂದೆ ತಾಯಿಯ ಅಥವಾ ಅತ್ತೆಯ ಪಕ್ಕದಲ್ಲಿ ಕುಳಿತು ಹುಡುಗಿಯರು ಕಲಿಯುತ್ತಿದ್ದರು. ಈಗ ಕುರಿ ಸಾಕಣೆಯೇ ಮಾಂಸದ ಕಡೆಗೆ ವಾಲಿದೆ, ಅನೇಕ ಕಡೆ ಉಣ್ಣೆಯ ಬೆಲೆ ಕತ್ತರಿಸುವ ಕೂಲಿಗೂ ಸಾಲದೆ ಅದನ್ನು ಎಸೆಯುತ್ತಾರೆ. ದಿನವಿಡೀ ನೂತರೂ ಸಿಗುವ ಹಣ ಹೊಲದ ಕೂಲಿಗಿಂತ ಕಡಿಮೆ ಎಂದು ಗೊತ್ತಿರುವಾಗ ಹೆಣ್ಣುಮಕ್ಕಳು ರಾಟೆ ಮುಟ್ಟದಿರುವುದು ಸಹಜ, ಅವರನ್ನು ದೂರುವುದು ನ್ಯಾಯವಲ್ಲ.

ಆದ್ದರಿಂದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ಕಂಬಳಿ ನೇಕಾರರ ಸಹಕಾರ ಸಂಘಗಳೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ನುರಿತ ಹಿರಿಯ ಹೆಂಗಸರನ್ನೇ ಗುರುಗಳಾಗಿ ನೇಮಿಸಿ ತಿಂಗಳ ಗೌರವಧನ ಕೊಡಬೇಕು, ಕಲಿಯುವವರಿಗೆ ಕಲಿಕೆಯ ಅವಧಿಯುದ್ದಕ್ಕೂ ಕೂಲಿಗೆ ಸಮನಾದ ಭತ್ಯೆ ಇರಬೇಕು. ನೂಲಿನ ಗುಣಮಟ್ಟ ನೋಡಿ ಬೆಲೆ ನಿಗದಿಪಡಿಸಿ, ಆ ಹಣ ನೇಯುವ ಗಂಡಸಿನ ಲೆಕ್ಕದಲ್ಲಿ ಸೇರಿಹೋಗದಂತೆ ನೂತ ಹೆಣ್ಣುಮಗಳ ಖಾತೆಗೇ ಜಮೆಯಾಗುವಂತೆ ಮಾಡಬೇಕು.

ಇಂತಿ,
ತಮ್ಮ ಪತ್ರಿಕೆಯ ಓದುಗ,
ಚಳ್ಳಕೆರೆ