ಬಿಸಿಲಿನಿಂದ ಇಂಧನ: ಮಕ್ಕಳಿಗೂ ತಿಳಿಯಲಿ

ಮಾನ್ಯರೇ,

ಬೈತಖೋಲ ಬಂದರಿನಲ್ಲಿ ದೋಣಿಗಳ ಡೀಸೆಲ್ ಹೊಗೆ ಕಂಡು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಇದರಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಇಂಧನ ಮಾಡಲಾಗದೇ?’ ಎಂಥ ಒಳ್ಳೆಯ ಪ್ರಶ್ನೆ!

1979ರಲ್ಲೇ ಜಪಾನಿನ ಫುಜಿಶಿಮಾ, ಹೊಂಡಾ ಮತ್ತು ಸಂಗಡಿಗರು ಟೈಟಾನಿಯಂ ಡೈಆಕ್ಸೈಡ್‌ನಂಥ ಪುಡಿಗಳನ್ನು ನೀರಿನಲ್ಲಿ ಕದಡಿ, ಈ ಅನಿಲ ಹಾಯಿಸಿ, ಬೆಳಕು ಬಿಟ್ಟು, ಇಂಧನವಾಗಿ ಉರಿಸಬಹುದಾದ ಮೆಥನಾಲ್ ಪಡೆದಿದ್ದರು. ಬೆಳಕು ತಾಗಿದಾಗ ಪುಡಿಯ ಎಲೆಕ್ಟ್ರಾನ್‌ಗಳು ಚುರುಕುಗೊಂಡು ಅನಿಲದ ಅಣುವನ್ನು ಮಾರ್ಪಡಿಸುತ್ತವೆ. ವೇಗವರ್ಧಕವಾದ್ದರಿಂದ ಪುಡಿ ಖರ್ಚಾಗುವುದಿಲ್ಲ. ಆದರೆ ಟೈಟಾನಿಯಂ ಡೈಆಕ್ಸೈಡ್ ಹೀರುವುದು ಅತಿನೇರಳೆ ಕಿರಣಗಳನ್ನು. ಬಿಸಿಲಿನಲ್ಲಿ ಅವುಗಳ ಪಾಲು ಸುಮಾರು ಶೇ 5 ಮಾತ್ರ. ಇಳುವರಿ ಇನ್ನೂ ಅತ್ಯಲ್ಪ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಈ ಕುರಿತ ಸಂಶೋಧನೆ ನಡೆದಿದೆ. ಜಿಲ್ಲಾಡಳಿತ ಅಲ್ಲಿನ ವಿಜ್ಞಾನಿಗಳನ್ನು ಕರೆಸಿ, ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಪ್ರಾತ್ಯಕ್ಷಿಕೆ ಏರ್ಪಡಿಸಲಿ.

– ವಿಜ್ಞಾನ ಶಿಕ್ಷಕಿ, ಕಾರವಾರ