ಶಾಸನದ ಕಲ್ಲಿಗೆ ಪೇಂಟು ಬೇಡ

ಮಾನ್ಯ ಸಂಪಾದಕರೇ,

ಆಂಧ್ರದ ಗಡಿಯಲ್ಲಿರುವ ನಮ್ಮ ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳ ಸುತ್ತಿನ ಊರುಗಳಲ್ಲಿ ಗುಡಿ ಜೀರ್ಣೋದ್ಧಾರ ಶುರುವಾಯಿತೆಂದರೆ ಮೊದಲ ಪೆಟ್ಟು ಬೀಳುವುದು ಅಂಗಳದಲ್ಲಿ ನಿಂತ ಶಾಸನದ ಕಲ್ಲಿಗೆ. ಕೆಡಿಸಬೇಕೆಂದು ಯಾರೂ ಮಾಡುವುದಿಲ್ಲ. ಅಕ್ಷರ ಎದ್ದು ಕಾಣಲಿ ಎಂಬ ಭಕ್ತಿಯಿಂದಲೇ ಬಿಳಿ ಪೇಂಟು ತುಂಬುತ್ತಾರೆ, ಬುಡಕ್ಕೆ ಸಿಮೆಂಟು ಕಟ್ಟೆ ಕಟ್ಟುತ್ತಾರೆ. ಎರಡೂ ಕಲ್ಲಿಗೆ ಕೇಡು.

ಅಮರಾಪುರದ ಬಳಿಯ ಇಂದಿನ ಹೇಮಾವತಿಯೇ ಹಿಂದೆ ಈ ಸೀಮೆಯನ್ನು ಆಳಿದ ನೊಳಂಬ ಅರಸರ ರಾಜಧಾನಿ ಹೆಂಜೇರು. ಅಲ್ಲಿನ ದೊಡ್ಡಪ್ಪನ ಗುಡಿಯ ಜಾಲಂಧ್ರಗಳನ್ನೂ (ಕೊರೆದ ಕಲ್ಲಿನ ಕಿಟಕಿಗಳು) ನುಣುಪಾದ ಕಪ್ಪುಕಲ್ಲಿನ ನಂದಿಯನ್ನೂ ನೋಡಲು ದೂರದಿಂದ ಜನ ಬರುತ್ತಾರೆ. ನೊಳಂಬರ ಕಂಬಗಳನ್ನು ಚೋಳರು ಕಾವೇರಿ ದಡದ ತಿರುವೈಯಾರಿಗೆ ಸಾಗಿಸಿದರು. ಇಲ್ಲಿನ ಕೆಲವು ಶಿಲ್ಪಗಳು ಚೆನ್ನೈ ಮ್ಯೂಸಿಯಂ ಸೇರಿವೆ. ಅಷ್ಟು ಹೋದ ಮೇಲೂ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಬೇವಿನ ಕಟ್ಟೆಯ ಕೆಳಗೆ ವೀರಗಲ್ಲುಗಳೂ ದಾನಶಾಸನಗಳೂ ಉಳಿದಿವೆ. ಗುಡಿಗಾದರೆ ಕಾವಲುಗಾರ ಇರುತ್ತಾನೆ, ಈ ಕಲ್ಲುಗಳಿಗೆ ಊರಿನವರೇ ದಿಕ್ಕು.

ಪೇಂಟಿನ ಮಾತು ಮೊದಲು. ಸವೆದ ಅಕ್ಷರದ ಗೀರು ಎರಡು ಮೂರು ಮಿಲಿಮೀಟರ್ ಆಳ ಉಳಿದಿದ್ದರೆ ಹೆಚ್ಚು. ಬ್ರಷ್ ಹಿಡಿದವರು ತಮಗೆ ತಿಳಿದ ಅಕ್ಷರವನ್ನೇ ಅಲ್ಲಿ ಕಾಣುತ್ತಾರೆ. ಹಳಗನ್ನಡದ ಱ, ೞ ಇಂದು ಬಳಕೆಯಲ್ಲಿಲ್ಲ, ಹಾಗಾಗಿ ಅವು ಇನ್ನಾವುದೋ ಅಕ್ಷರವಾಗಿಬಿಡುತ್ತವೆ. ಕಲ್ಲಿನ ಚಿಕ್ಕ ಗುಳಿ ಸೊನ್ನೆಯಾಗುತ್ತದೆ. ಆಮೇಲೆ ಓದುವವರು ಕಲ್ಲನ್ನು ಓದುವುದಿಲ್ಲ, ಪೇಂಟನ್ನು ಓದುತ್ತಾರೆ. ಒಬ್ಬ ವೀರನ ಹೆಸರೇ ಬದಲಾಗುತ್ತದೆ. ಬಳಿದ ಮೇಲೆ ತಂತಿ ಬ್ರಷ್ಷಿನಿಂದಲೋ ಉಪ್ಪುಕಾಗದದಿಂದಲೋ ಉಜ್ಜಿ ತೆಗೆಯಲು ಹೋದರೆ ಗೀರಿನ ಅಂಚೇ ಹೋಗುತ್ತದೆ. ಈಗಾಗಲೇ ಬಳಿದಾಗಿದ್ದರೆ ಹಾಗೇ ಬಿಡಿ, ಅದನ್ನು ತೆಗೆಯುವುದು ಪುರಾತತ್ತ್ವ ಇಲಾಖೆಯ ರಸಾಯನ ತಜ್ಞರ ಕೆಲಸ.

ಸುಣ್ಣ, ಸೀಮೆಸುಣ್ಣ, ಮೈದಾಹಿಟ್ಟು ಕೂಡ ಬೇಡ. ಹಿಟ್ಟಿಗೆ ಇರುವೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಮಣ್ಣು ಮೆತ್ತಿದ್ದರೆ ಬರಿ ನೀರು, ಮೆತ್ತನೆಯ ನೈಲಾನ್ ಬ್ರಷ್ ಸಾಕು. ಹುಣಸೆಹಣ್ಣು, ಸೋಪಿನ ಪುಡಿ, ಟೈಲ್ಸ್ ತೊಳೆಯುವ ಆ್ಯಸಿಡ್ ಮುಟ್ಟಿಸಬೇಡಿ. ಗಟ್ಟಿಯಾಗಿ ಅಂಟಿದ ಕಲ್ಲುಹೂವನ್ನು ಕೆರೆಯಬಾರದು, ಅದರ ಜೊತೆ ಕಲ್ಲಿನ ಸಿಪ್ಪೆಯೂ ಏಳುತ್ತದೆ. ಪೂಜೆಗೊಳ್ಳುವ ಕಲ್ಲಾದರೆ ಪೂಜೆ ನಡೆಯಲಿ. ಎಣ್ಣೆ ದೀಪವನ್ನು ಒಂದು ಮೊಳ ದೂರ ಇಟ್ಟರೆ ಮಸಿ ಜಿಡ್ಡು ಅಕ್ಷರಕ್ಕೆ ಕೂರುವುದಿಲ್ಲ.

ಅಕ್ಷರ ಕಾಣಲು ಬೇಕಾದದ್ದು ಓರೆ ಬೆಳಕು. ಮೂಡಣಕ್ಕೆ ಮುಖಮಾಡಿದ ಕಲ್ಲನ್ನು ಬಿಸಿಲು ಅದರ ಮೈಮೇಲೆ ಸವರಿಕೊಂಡು ಹೋಗುವ ಹೊತ್ತು ನೋಡಿಕೊಂಡು ನಡುಮಧ್ಯಾಹ್ನಕ್ಕೆ ತುಸು ಮುಂಚೆ ಓದಬೇಕು, ಪಡುವಣದ್ದನ್ನು ನಡುಮಧ್ಯಾಹ್ನ ದಾಟಿದ ಕೂಡಲೇ. ನೇರ ಬಿಸಿಲು ಬಿದ್ದರೆ ನೆರಳಿರದು, ಅಕ್ಷರ ಮಾಯವಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ರಾತ್ರಿ: ಟಾರ್ಚನ್ನು ಕಲ್ಲಿನ ಅಂಚಿಗೆ ತಾಗುವಂತೆ ಹಿಡಿದು, ಬೆಳಕು ಮೈಗೆ ಸಮನಾಗಿ ಹರಿಯುವಂತೆ ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬಿಡಿ. ಒಂದೇ ಕಡೆಯ ಬೆಳಕಿನಲ್ಲಿ ಆ ದಿಕ್ಕಿಗೇ ಎಳೆದ ಗೆರೆಗಳು ಕಾಣುವುದಿಲ್ಲ. ಮೊಬೈಲನ್ನು ಕಲ್ಲಿಗೆ ನೇರ ಹಿಡಿದು, ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟು, ಮೊದಲು ಇಡೀ ಕಲ್ಲು, ಆಮೇಲೆ ಮೂರು ಮೂರು ಸಾಲು, ಒಂದು ಚಿತ್ರದ ಕೊನೆಯ ಸಾಲು ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯಿರಿ. ಬೆನ್ನನ್ನೂ ಎರಡೂ ಪಕ್ಕೆಗಳನ್ನೂ ನೋಡುವುದನ್ನು ಮರೆಯಬೇಡಿ. ಬರಹ ಎಷ್ಟೋ ಸಲ ಅಲ್ಲಿಗೂ ಮುಂದುವರಿದಿರುತ್ತದೆ. ಪಡಿಯಚ್ಚು, ಅಂದರೆ ಒದ್ದೆ ಕಾಗದ ಅಂಟಿಸಿ ಮಸಿ ಒತ್ತಿ ಅಕ್ಷರದ ನಕಲು ತೆಗೆಯುವ ಆಸೆ ಸದ್ಯಕ್ಕೆ ಬಿಡಿ. ಒದ್ದೆ ಕಾಗದ ಹದವಾಗಿ ಆರುವ ಮೊದಲೇ ಮಸಿ ಒತ್ತಿದರೆ ಮಸಿ ಕಲ್ಲಿಗೆ ಇಳಿಯುತ್ತದೆ.

ಕಟ್ಟೆಯ ಕೇಡು ನಿಧಾನದ್ದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಪಟ್ಟಿಯಲ್ಲಿ ಕಾಳಗ ಅಥವಾ ತುರುಗಾಳಗ (ದನಗಳಿಗಾಗಿ ನಡೆದ ಕಾಳಗ), ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಶಿವನ ಸನ್ನಿಧಿ. ಒಂದಡಿ ಸಿಮೆಂಟು ಹಾಕಿದರೆ ಹೂತುಹೋಗುವುದು ಕಾಳಗವೇ, ಅದರ ಮೇಲಂಚಿನ ಬರಹವೇ. ಸಿಮೆಂಟಿನ ಉಪ್ಪು ತೇವದ ಜೊತೆ ಕಲ್ಲಿಗೆ ಏರಿ, ಬೇಸಿಗೆಯಲ್ಲಿ ಹರಳುಗಟ್ಟಿ, ಮೈ ಚಕ್ಕೆಚಕ್ಕೆಯಾಗಿ ಏಳುತ್ತದೆ. ಕಲ್ಲು ವಾಲಿದ್ದರೆ ಸುತ್ತ ಜಲ್ಲಿ, ಮಣ್ಣು ದಿಮ್ಮಿಸಿ ನೀರು ಹೊರಗೆ ಹರಿಯುವಂತೆ ಇಳಿಜಾರು ಮಾಡಿದರೆ ಸಾಕು.

ಇನ್ನು ನಿಧಿಗಳ್ಳರು. ದಾನಶಾಸನದ ತಲೆಯ ಮೇಲಿನ ಸೂರ್ಯ ಚಂದ್ರರನ್ನು ಇವರು ಹಣ ಹೂತ ಗುರುತೆಂದು ನಂಬಿ ಬುಡ ಅಗೆಯುತ್ತಾರೆ. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂಬುದಷ್ಟೇ ಅದರ ಅರ್ಥ. ಆ ಕಲ್ಲಿನ ಕೆಳಗೆ ಹೊನ್ನಿಲ್ಲ, ಇದನ್ನು ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡಬೇಕು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಕೇಂದ್ರದ 1958ರ ಕಾಯ್ದೆಯ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಲದ ಕಲ್ಲುಗಳು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲದ ಕಾರಣ ಅವುಗಳಿಗೆ ಈ ರಕ್ಷಣೆ ಸಿಗುವುದಿಲ್ಲ.

ನಮ್ಮ ಗಡಿಯ ತೊಡಕೆಂದರೆ ಕಲ್ಲು ಆಂಧ್ರದ್ದು, ಬರಹ ಕನ್ನಡದ್ದು. ಅತ್ತಲಿನ ಸಿಬ್ಬಂದಿಗೆ ಹಳಗನ್ನಡ ಓದುವುದು ಕಷ್ಟ, ಇತ್ತಲಿನವರಿಗೆ ಅಧಿಕಾರವಿಲ್ಲ. ಹಾಗೆಂದು ದಾರಿಯಿಲ್ಲದೆ ಇಲ್ಲ: ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಅಲ್ಲಿಗೆ ಚಿತ್ರ ಕಳುಹಿಸುವಾಗ ಊರು, ಮಂಡಲ, ಸರ್ವೆ ನಂಬರ್, ಕಲ್ಲಿನ ಎತ್ತರ ಅಗಲ, ಯಾವ ದಿಕ್ಕಿಗೆ ಮುಖ ಎಂಬುದನ್ನು ಬರೆಯಿರಿ. ಕಲ್ಲನ್ನು ಮಾತ್ರ ಕಿತ್ತು ಪಂಚಾಯತಿ ಆಫೀಸಿಗೆ ತರಬೇಡಿ. ದಾನಶಾಸನ ಗದ್ದೆಯ, ತೂಬಿನ, ಕೆರೆಯ ಎಲ್ಲೆ ಹೇಳುತ್ತದೆ. ನಿಂತ ಜಾಗ ತಪ್ಪಿದರೆ ಆ ಎಲ್ಲೆಯನ್ನು ಹುಡುಕಲು ಗುರುತೇ ಉಳಿಯುವುದಿಲ್ಲ.

ಇತಿ,
ಶಾಸನಾಸಕ್ತ ಓದುಗರು,
ಅಮರಾಪುರ, ಶ್ರೀ ಸತ್ಯಸಾಯಿ ಜಿಲ್ಲೆ